ಜಾಗ ತಪ್ಪಿದ ಸುಣ್ಣ

ಕರುಣೆಯಿಲ್ಲದವನನ್ನು ಕನ್ನಡದಲ್ಲಿ ಕಲ್ಲೆದೆಯವನು ಎನ್ನುತ್ತೇವೆ. ಉರ್ದುವಿನಲ್ಲಿ ಸಂಗ್‌ದಿಲ್ ಎನ್ನುತ್ತಾರೆ. ಎರಡು ಭಾಷೆಗಳೂ ಬೈಯಲು ಒಂದೇ ಕಲ್ಲನ್ನು ಎತ್ತಿಕೊಂಡಿವೆ. ಎದೆ ಮೆತ್ತಗಿರಬೇಕಾದದ್ದು, ಅದು ಗಟ್ಟಿಯಾದರೆ ಆ ಮನುಷ್ಯನೇ ಹೊಣೆ ಎಂಬ ತೀರ್ಪು ಈ ಮಾತುಗಳ ಹೊಟ್ಟೆಯಲ್ಲೇ ಇದೆ. ಆದರೆ ಹೃದಯದ ನಾಳಗಳು ಮಾತಿಗಲ್ಲದೆ ನಿಜವಾಗಿಯೂ ಕಲ್ಲಾಗುವ ಒಂದು ಕಾಯಿಲೆಯಿದೆ. ಮೂತ್ರಪಿಂಡಗಳು ವರ್ಷಗಟ್ಟಲೆ ಸೊರಗುತ್ತ ಬಂದವರಲ್ಲಿ ರಕ್ತನಾಳದ ಗೋಡೆ ಸುಣ್ಣಗಟ್ಟುತ್ತದೆ. ಇಂಥವರಲ್ಲಿ ಬಹಳಷ್ಟು ಮಂದಿ ಸಾಯುವುದು ಮೂತ್ರಪಿಂಡ ನಿಂತದ್ದರಿಂದಲ್ಲ, ಹೃದಯ ನಿಂತದ್ದರಿಂದ. ಹಾಗೆ ಸಾಯುವವರು ನಮ್ಮ ನಿಮ್ಮಂತೆ ಒಳ್ಳೆಯವರೂ ಹೌದು, ಕೆಟ್ಟವರೂ ಹೌದು. ಇಲ್ಲಿ ಹೊಣೆ ಯಾರದೆಂದು ಕೇಳಬಹುದೇ? ಕೇಳುವುದರಲ್ಲಿ ಅರ್ಥವಾದರೂ ಇದೆಯೇ?

ನಾವು ಓದಿದ ಉರ್ದು ಶಾಲೆಯಲ್ಲಿ ಜುಲ್ಮ್ ಎಂದರೆ ದಬ್ಬಾಳಿಕೆ, ಹಿಂಸೆ ಎಂದು ಅರ್ಥ ಬರೆಸಿದ್ದರು. ಕನ್ನಡಕ್ಕೂ ಅದು ಜುಲುಮೆಯಾಗಿ ಬಂದಿದೆ. ಜುಲುಮೆ ಎಂದೊಡನೆ ಕೋಲು ಹಿಡಿದ ಒಬ್ಬ ಯಜಮಾನ ಕಣ್ಣ ಮುಂದೆ ನಿಲ್ಲುತ್ತಾನೆ. ಅರಬ್ಬಿಯ ಹಳೆಯ ನಿಘಂಟುಕಾರರು ಈ ಶಬ್ದಕ್ಕೆ ಹೇಳುವ ಮೂಲ ಅರ್ಥ ಬೇರೆ. ಒಂದು ವಸ್ತುವನ್ನು ಅದರದಲ್ಲದ ಜಾಗದಲ್ಲಿ ಇಡುವುದು ಜುಲ್ಮ್, ಅದರದೇ ಜಾಗದಲ್ಲಿ ಇಡುವುದು ಅದ್ಲ್, ಅಂದರೆ ನ್ಯಾಯ. ಈ ಅರ್ಥದಲ್ಲಿ ಕೋಲಿಲ್ಲ, ಸಿಟ್ಟಿಲ್ಲ, ಯಜಮಾನನೂ ಕಾಣುವುದಿಲ್ಲ. ಇರುವುದು ವಸ್ತು ಮತ್ತು ಅದರ ಜಾಗ, ಅಷ್ಟೆ. ರಕ್ತನಾಳದಲ್ಲಿ ಕೂತ ಸುಣ್ಣಕ್ಕೆ ಇಷ್ಟು ಸರಿಯಾಗಿ ಹೊಂದುವ ಶಬ್ದ ವೈದ್ಯರ ಪುಸ್ತಕಗಳಲ್ಲೂ ನಮಗೆ ಸಿಕ್ಕಿಲ್ಲ.

ವಯಸ್ಕ ಮನುಷ್ಯನ ಮೈಯಲ್ಲಿ ಸುಮಾರು ಒಂದು ಕಿಲೋ ಕ್ಯಾಲ್ಸಿಯಂ ಇರುತ್ತದೆ. ಅದರಲ್ಲಿ ನೂರಕ್ಕೆ 99 ಭಾಗ ಮೂಳೆ ಮತ್ತು ಹಲ್ಲುಗಳಲ್ಲಿ. ರಂಜಕ, ಅಂದರೆ ಫಾಸ್ಫರಸ್, ಅದರಲ್ಲೂ ಹೆಚ್ಚಿನ ಪಾಲು ಮೂಳೆಯಲ್ಲೇ. ಇವೆರಡೂ ಸೇರಿ ಕಟ್ಟಿದ ಹರಳೇ ನಮ್ಮನ್ನು ನೆಟ್ಟಗೆ ನಿಲ್ಲಿಸಿರುವುದು. ರಕ್ತದಲ್ಲಿ ಓಡಾಡುವುದು ಇವುಗಳ ಅತ್ಯಲ್ಪ ಅಂಶ. ಉಂಡ ಅನ್ನದಿಂದ ಬಂದ ರಂಜಕದಲ್ಲಿ ಹೆಚ್ಚಾದದ್ದನ್ನು ಪ್ರತಿದಿನ ಮೂತ್ರದ ಮೂಲಕ ಹೊರಹಾಕಿ ಲೆಕ್ಕ ಸರಿದೂಗಿಸುವುದು ಮೂತ್ರಪಿಂಡದ ಕೆಲಸ. ಅದು ಸೋತಾಗ ರಂಜಕ ಉಳಿದುಕೊಳ್ಳುತ್ತದೆ. ಕತ್ತಿನಲ್ಲಿರುವ ಪ್ಯಾರಾಥೈರಾಯ್ಡ್ ಗ್ರಂಥಿಗಳು ಗಾಬರಿಗೊಂಡಂತೆ ಹಾರ್ಮೋನು ಸುರಿಸುತ್ತವೆ. ಆ ಹಾರ್ಮೋನು ಮೂಳೆಯನ್ನು ಕರಗಿಸಿ ಇನ್ನಷ್ಟು ಕ್ಯಾಲ್ಸಿಯಂ, ಇನ್ನಷ್ಟು ರಂಜಕವನ್ನು ರಕ್ತಕ್ಕೆ ಬಿಡುತ್ತದೆ. ಹೀಗೆ ಒಂದು ಕಡೆ ಮೂಳೆ ಬಡವಾಗುತ್ತದೆ, ಇನ್ನೊಂದು ಕಡೆ ನಾಳದ ಗೋಡೆ ಸುಣ್ಣದಲ್ಲಿ ಶ್ರೀಮಂತವಾಗುತ್ತದೆ. ಇಂಥ ರೋಗಿಯ ಕೈಯ ಎಕ್ಸ್‌ರೇ ನೋಡಿದರೆ ಬೆರಳ ಮೂಳೆಗಳು ಮಂಕಾಗಿ, ಅವುಗಳ ಪಕ್ಕದಲ್ಲಿ ಎಂದೂ ಕಾಣಬಾರದ ರಕ್ತನಾಳಗಳು ಬಿಳಿ ತಂತಿಯಂತೆ ಎದ್ದು ಕಾಣುವುದುಂಟು. ಮೂಳೆ ಕರಗಿ ಅದರ ಸುಣ್ಣ ಬೇರೆ ಅಂಗಗಳಲ್ಲಿ ಕೂಡುವುದನ್ನು ಜರ್ಮನಿಯ ರುಡಾಲ್ಫ್ ವಿರ್ಚೋ 1855ರಲ್ಲೇ ವಿವರಿಸಿದ್ದ.

ಸುಣ್ಣ ಕೂರುವುದು ಎರಡು ಕಡೆ. ನಾಳದ ಒಳಮೈಯಲ್ಲಿ ಕೊಬ್ಬು ಕಟ್ಟಿದಲ್ಲಿ ಕೂರುವುದು ಒಂದು. ಅದು ವಯಸ್ಸಾದವರಲ್ಲಿ, ಸಕ್ಕರೆ ಕಾಯಿಲೆಯವರಲ್ಲಿ, ಎಲ್ಲರಲ್ಲೂ ಉಂಟು. ಇನ್ನೊಂದು ಗೋಡೆಯ ನಡುಪದರದಲ್ಲಿ, ನಾಳವನ್ನು ಹಿಗ್ಗಿಸಿ ಕುಗ್ಗಿಸುವ ಸ್ನಾಯುವಿನಲ್ಲಿ ಕೂರುವುದು. 1903ರಲ್ಲಿ ಮಾಂಕೆಬರ್ಗ್ ಎಂಬ ವೈದ್ಯ ವಿವರಿಸಿದ ಕಾರಣ ಅದಕ್ಕೆ ಆತನ ಹೆಸರೇ ಇದೆ. ಮೂತ್ರಪಿಂಡದ ರೋಗಿಗಳಲ್ಲಿ ಎರಡೂ ಇರುತ್ತವೆ, ಆದರೆ ಈ ಎರಡನೆಯದು ಅವರನ್ನು ವಿಶೇಷವಾಗಿ ಕಾಡುತ್ತದೆ. ಇದರಲ್ಲಿ ನಾಳ ಮುಚ್ಚಿಹೋಗುವುದಿಲ್ಲ, ಕೊಳವೆಯಂತೆ ಬಿರುಸಾಗುತ್ತದೆ. ಹೃದಯ ಬಡಿದಾಗ ಹಿಗ್ಗಿ ಒಂದಿಷ್ಟು ರಕ್ತವನ್ನು ತನ್ನಲ್ಲಿ ಹಿಡಿದಿಟ್ಟುಕೊಂಡು, ಹೃದಯ ವಿರಮಿಸಿದಾಗ ಅದನ್ನು ಮುಂದಕ್ಕೆ ತಳ್ಳುವುದು ಮಹಾಧಮನಿಯ ಗುಣ. ಅದು ಬಿರುಸಾದರೆ ರಕ್ತದೊತ್ತಡದ ಮೇಲಿನ ಅಂಕಿ ಏರುತ್ತದೆ, ಕೆಳಗಿನದು ಇಳಿಯುತ್ತದೆ. ಹೃದಯದ ಗೋಡೆ ದಪ್ಪವಾಗುತ್ತದೆ. ಹೃದಯ ತನ್ನ ಪಾಲಿನ ರಕ್ತವನ್ನು ಪಡೆಯುವುದು ಹೆಚ್ಚಾಗಿ ಬಡಿತಗಳ ನಡುವಿನ ವಿರಾಮದಲ್ಲಿ. ಆ ಹೊತ್ತಿನ ಒತ್ತಡವೇ ಇಳಿದುಹೋದರೆ ಎಲ್ಲರಿಗೂ ಉಣಬಡಿಸುವ ಹೃದಯವೇ ಹಸಿದು ಕೂರಬೇಕು.

ನೀರು ಕಾಯಿಸುವ ಹಂಡೆಯ ತಳದಲ್ಲಿ ಉಪ್ಪು ಕಟ್ಟುವಂತೆ ಇದೂ ಒಂದು ಜಡಕ್ರಿಯೆ ಎಂದು ಬಹುಕಾಲ ನಂಬಲಾಗಿತ್ತು. ಹಾಗಿದ್ದಿದ್ದರೆ ಈ ಲೇಖನಕ್ಕೆ ಕೆಲಸವಿರಲಿಲ್ಲ, ಹಂಡೆಯನ್ನು ಯಾರೂ ದೂರುವುದಿಲ್ಲ. 1997ರಲ್ಲಿ ವಿಜ್ಞಾನಿಗಳು ಇಲಿಗಳಲ್ಲಿ ಒಂದೇ ಒಂದು ಪ್ರೋಟೀನನ್ನು ಮಾಡುವ ವಂಶವಾಹಿಯನ್ನು ತೆಗೆದುಹಾಕಿ ನೋಡಿದರು. ಆ ಇಲಿಗಳ ಮೂತ್ರಪಿಂಡಕ್ಕೆ ಏನೂ ಆಗಿರಲಿಲ್ಲ. ಆದರೂ ಅವುಗಳ ಧಮನಿಗಳು ಸುಣ್ಣಗಟ್ಟಿ, ಎರಡು ತಿಂಗಳೊಳಗೆ ನಾಳ ಒಡೆದು ಸತ್ತವು. ಆ ಪ್ರೋಟೀನಿನ ಕೆಲಸ ಸುಣ್ಣ ಕೂರದಂತೆ ಹಗಲಿರುಳೂ ತಡೆಯುವುದಾಗಿತ್ತು. ಅದು ಕೆಲಸಕ್ಕೆ ನಿಲ್ಲಬೇಕಾದರೆ ಕೆ ಜೀವಸತ್ವದ ನೆರವು ಬೇಕು. ಇದರ ಜೊತೆಗೆ ಪಿತ್ತಜನಕಾಂಗದಿಂದ ಬರುವ ಫೆಟುಯಿನ್ ಎಂಬ ಇನ್ನೊಂದು ಪ್ರೋಟೀನು, ಪೈರೋಫಾಸ್ಫೇಟ್ ಎಂಬ ಪುಟ್ಟ ಅಣು ಇವೂ ಕಾವಲಿಗಿವೆ. ಕಲ್ಲಾಗಲು ಬೇಕಾದಷ್ಟು ಸಾಮಗ್ರಿ ನಮ್ಮೆಲ್ಲರ ರಕ್ತದಲ್ಲೂ ಈ ಹೊತ್ತಿಗೇ ಇದೆ. ಇವೆಲ್ಲ ತಮ್ಮ ಪಾಡಿಗೆ ದುಡಿಯುತ್ತಿರುವುದರಿಂದ ನಾವು ಕಲ್ಲಾಗದೆ ಓಡಾಡಿಕೊಂಡಿದ್ದೇವೆ. ಮೂತ್ರಪಿಂಡದ ಕಾಯಿಲೆಯಲ್ಲಿ ಸಾಮಗ್ರಿ ಹೆಚ್ಚುತ್ತದೆ, ಕಾವಲು ತೆಳುವಾಗುತ್ತದೆ.

ಅಮೆರಿಕದ ಸಿಯಾಟಲ್ ನಗರದ ಪ್ರಯೋಗಶಾಲೆಯಿಂದ 2000ದಲ್ಲಿ ಬಂದ ಸುದ್ದಿ ಇನ್ನೂ ವಿಚಿತ್ರ. ಮನುಷ್ಯನ ರಕ್ತನಾಳದ ಸ್ನಾಯುಕೋಶಗಳನ್ನು ರಂಜಕ ಹೆಚ್ಚಾದ ದ್ರವದಲ್ಲಿ ಬೆಳೆಸಿದಾಗ ಅವು ಸುಮ್ಮನೆ ಸುಣ್ಣ ಮೆತ್ತಿಕೊಳ್ಳಲಿಲ್ಲ. ರಂಜಕವನ್ನು ತಮ್ಮ ಬಾಗಿಲಿನಿಂದ ಒಳಗೆ ಬಿಟ್ಟುಕೊಂಡು, ಸ್ನಾಯುವಿನ ಗುಣಗಳನ್ನು ಬಿಟ್ಟು, ಮೂಳೆ ಕಟ್ಟುವ ಕೋಶಗಳು ಮಾಡುವ ಕೆಲಸಕ್ಕೆ ತೊಡಗಿದವು. ಇದನ್ನು ದ್ರೋಹ ಎನ್ನೋಣವೇ? ನಮ್ಮ ಊರುಗಳಲ್ಲಿ ಮಗ್ಗಗಳು ನಿಂತುಹೋದಾಗ ನೇಕಾರರು ಗಾರೆ ಕೆಲಸಕ್ಕೆ ಹೋದದ್ದನ್ನು ಕಂಡಿದ್ದೇವೆ. ನೂಲು ಬರುವುದು ನಿಂತು ಎಲ್ಲೆಲ್ಲೂ ಸುಣ್ಣ ಮರಳೇ ಬಂದು ಬೀಳುವ ಊರಿನಲ್ಲಿ ನೇಯುವ ಕೈ ಕರಣೆ ಹಿಡಿದರೆ ಅದನ್ನು ಕುಲದ್ರೋಹ ಎಂದವರನ್ನು ನಾವು ಕಂಡಿಲ್ಲ. ಕೋಶಕ್ಕೆ ಮನಸ್ಸಿಲ್ಲ, ಈ ಹೋಲಿಕೆಯನ್ನು ಬಹಳ ದೂರ ಎಳೆಯಬಾರದು. ಆದರೂ ಬಂದ ಸಾಮಗ್ರಿಗೆ ತಕ್ಕಂತೆ ಕಸುಬು ಬದಲಿಸಿದ್ದನ್ನು ಪಾಪವೆನ್ನಲಾಗದು. ಮೈಯೊಳಗೆ ನಡೆಯುವುದು ಜಾಲಿಮ್ ಇಲ್ಲದ ಜುಲ್ಮ್.

ಮೈಯಿಂದ ಹೊರಗೆ ಬಂದರೆ ಮನುಷ್ಯರು ಸಿಗುತ್ತಾರೆ. ಅದೇ ಸಿಯಾಟಲ್‌ನಲ್ಲಿ 1960ರ ಮಾರ್ಚ್ 9ರಂದು ಡಾಕ್ಟರ್ ಬೆಲ್ಡಿಂಗ್ ಸ್ಕ್ರಿಬ್ನರ್ ಅವರು ಕ್ಲೈಡ್ ಶೀಲ್ಡ್ಸ್ ಎಂಬ ಕಾರ್ಮಿಕನ ತೋಳಿಗೆ ಟೆಫ್ಲಾನ್ ಕೊಳವೆ ಜೋಡಿಸಿ, ಅದನ್ನು ಅಲ್ಲೇ ಬಿಟ್ಟು, ಮತ್ತೆ ಮತ್ತೆ ಡಯಾಲಿಸಿಸ್ ಮಾಡುವುದು ಸಾಧ್ಯವೆಂದು ತೋರಿಸಿದರು. ಅಲ್ಲಿಯವರೆಗೆ ಮೂತ್ರಪಿಂಡ ಪೂರ್ತಿ ಸೋತವನಿಗೆ ವಾರಗಳ ಆಯುಸ್ಸು. ಶೀಲ್ಡ್ಸ್ ಹನ್ನೊಂದು ವರ್ಷ ಬದುಕಿದ. ಯಂತ್ರಗಳು ಕೆಲವೇ ಇದ್ದವು, ಬೇಕಾದವರು ಹಲವರು. ಯಾರಿಗೆ ಕೊಡಬೇಕೆಂದು ತೀರ್ಮಾನಿಸಲು ಏಳು ಜನರ ಸಮಿತಿ ಕೂತಿತು: ಪಾದ್ರಿ, ವಕೀಲ, ಗೃಹಿಣಿ, ಬ್ಯಾಂಕಿನವನು, ಕಾರ್ಮಿಕ ನಾಯಕ, ಸರ್ಕಾರಿ ಅಧಿಕಾರಿ, ಶಸ್ತ್ರವೈದ್ಯ. ಅವರ ಹೆಸರು ಗುಟ್ಟಾಗಿತ್ತು. ರೋಗಿಯ ಆದಾಯ, ಸಂಸಾರ, ಓದು, ಚರ್ಚಿಗೆ ಹೋಗುತ್ತಾನೋ ಇಲ್ಲವೋ ಎಂಬುದೆಲ್ಲ ಅವರ ಮುಂದೆ ಬರುತ್ತಿತ್ತು. 1962ರ ನವೆಂಬರ್‌ನಲ್ಲಿ ‘ಲೈಫ್’ ಪತ್ರಿಕೆಯಲ್ಲಿ ಶಾನಾ ಅಲೆಕ್ಸಾಂಡರ್ ಇದನ್ನು ಬರೆದಾಗ ದೇಶವೇ ತಲ್ಲಣಿಸಿತು. ವೈದ್ಯಕೀಯ ನೀತಿಶಾಸ್ತ್ರದ ಚರ್ಚೆ ಅಲ್ಲಿ ಬಿರುಸು ಪಡೆದದ್ದು ಆ ಬರಹದಿಂದ ಎನ್ನುವವರಿದ್ದಾರೆ. 1972ರಲ್ಲಿ ಅಮೆರಿಕದ ಸಂಸತ್ತು ಡಯಾಲಿಸಿಸ್ ಖರ್ಚನ್ನು ಸರ್ಕಾರವೇ ಭರಿಸುವ ಕಾನೂನು ಮಾಡಿತು, ಸಮಿತಿಗೆ ಕೆಲಸ ತಪ್ಪಿತು.

ಸಮಿತಿಯ ಕತೆ ಎಲ್ಲರಿಗೂ ಗೊತ್ತು. ಅದರ ಮುಂದಿನ ಅಧ್ಯಾಯ ಅಷ್ಟು ಪ್ರಸಿದ್ಧವಲ್ಲ. ಸಮಿತಿಯ ಕಾಲದಿಂದ ಡಯಾಲಿಸಿಸ್‌ನಲ್ಲಿದ್ದ 39 ಜನರ ದಾಖಲೆಗಳನ್ನು ತೆಗೆದು ಸ್ಕ್ರಿಬ್ನರ್ ಮತ್ತು ಜೊತೆಗಾರರು 1974ರಲ್ಲಿ ಪ್ರಕಟಿಸಿದರು. ಅಷ್ಟು ಹೊತ್ತಿಗೆ ಸತ್ತಿದ್ದವರಲ್ಲಿ ಅರ್ಧಕ್ಕೂ ಹೆಚ್ಚು ಮಂದಿ ರಕ್ತನಾಳಗಳ ಕಾಯಿಲೆಯಿಂದ ಹೋಗಿದ್ದರು, ಹೋಗಬೇಕಾದ ವಯಸ್ಸಿಗಿಂತ ಬಹಳ ಮೊದಲೇ. ಶೀಲ್ಡ್ಸ್ ಕೂಡ ಕೊನೆಗೆ ಹೃದಯಾಘಾತದಿಂದಲೇ ತೀರಿಕೊಂಡ. ಯಂತ್ರ ಅವರಿಗೆ ವರ್ಷಗಳನ್ನು ಕೊಟ್ಟಿತ್ತು, ಆ ವರ್ಷಗಳಲ್ಲಿ ನಾಳಗಳಿಗೆ ಗಟ್ಟಿಯಾಗಲು ಸಮಯ ಸಿಕ್ಕಿತ್ತು.

ಏಕೆಂದರೆ ಯಂತ್ರ ರಂಜಕವನ್ನು ತೆಗೆಯುವುದರಲ್ಲಿ ದುರ್ಬಲ. ನಾಲ್ಕು ಗಂಟೆಯ ಒಂದು ಡಯಾಲಿಸಿಸ್ ಹೆಚ್ಚೆಂದರೆ ಸಾವಿರ ಮಿಲಿಗ್ರಾಂನ ಆಸುಪಾಸು ತೆಗೆದೀತು. ಸಾಧಾರಣ ಊಟದಲ್ಲಿ ದಿನವೊಂದಕ್ಕೇ ಅಷ್ಟು ರಂಜಕ ಇರುತ್ತದೆ, ಅದರಲ್ಲಿ ಅರ್ಧಕ್ಕಿಂತ ಹೆಚ್ಚು ರಕ್ತ ಸೇರುತ್ತದೆ. ವಾರಕ್ಕೆ ಮೂರು ಬಾರಿ ಮಾಡಿಸಿದರೂ ಲೆಕ್ಕ ಕೂಡುವುದಿಲ್ಲ. ನಮ್ಮ ಕಡೆ ಅನೇಕರು ಮಾಡಿಸುವುದು ಎರಡೇ ಬಾರಿ. ಆದ್ದರಿಂದ ಊಟದ ಜೊತೆಗೆ, ಹೊಟ್ಟೆಯಲ್ಲೇ ರಂಜಕವನ್ನು ಹಿಡಿದು ಮಲದ ಮೂಲಕ ಹೊರಗೆ ಕಳಿಸುವ ಒಂದು ಔಷಧ ನುಂಗಬೇಕು. ನಮ್ಮ ಪ್ರಶ್ನೆ ನಿಜವಾಗಿ ಕಚ್ಚಿಕೊಳ್ಳುವುದು ಈ ಔಷಧದ ಚರಿತ್ರೆಗೆ.

ಮೊದಲು ಕೊಟ್ಟದ್ದು ಅಲ್ಯೂಮಿನಿಯಂ. ರಂಜಕವನ್ನು ಚೆನ್ನಾಗಿಯೇ ಹಿಡಿಯಿತು. ಆದರೆ ಡಯಾಲಿಸಿಸ್ ರೋಗಿಗಳು ಮಾತು ತೊದಲಿ, ನೆನಪು ಕಳೆದುಕೊಂಡು, ಸೆಟೆದು ಸಾಯತೊಡಗಿದರು. ಅವರ ಮಿದುಳಿನಲ್ಲಿ ಅಲ್ಯೂಮಿನಿಯಂ ಸೇರಿಕೊಂಡಿತ್ತೆಂದು 1976ರಲ್ಲಿ ಡೆನ್ವರ್‌ನ ವೈದ್ಯರು ತೋರಿಸಿದರು. ಅದರಲ್ಲಿ ಡಯಾಲಿಸಿಸ್‌ಗೆ ಬಳಸಿದ ನೀರಿನ ಪಾಲೂ ಇತ್ತು, ಮಾತ್ರೆಯ ಪಾಲೂ ಇತ್ತು. ಅದನ್ನು ಬಿಟ್ಟು 1980ರ ದಶಕದಲ್ಲಿ ಕ್ಯಾಲ್ಸಿಯಂ ಮಾತ್ರೆಗೆ ಬಂದರು. ಸುಣ್ಣದಷ್ಟು ಅಗ್ಗ, ಸುಣ್ಣದಷ್ಟು ಪರಿಚಿತ. ರಂಜಕವನ್ನೂ ಹಿಡಿಯುತ್ತದೆ, ಸೊರಗಿದ ಮೂಳೆಗೂ ಒಳ್ಳೆಯದು ಎಂದುಕೊಂಡರು. 2000ದಲ್ಲಿ ಏಳರಿಂದ ಮೂವತ್ತು ವಯಸ್ಸಿನ ನಡುವಿನ 39 ಡಯಾಲಿಸಿಸ್ ರೋಗಿಗಳ ಹೃದಯನಾಳಗಳನ್ನು ಸ್ಕ್ಯಾನ್ ಮಾಡಿ ನೋಡಲಾಯಿತು. ಇಪ್ಪತ್ತರೊಳಗಿನ 23 ಜನರಲ್ಲಿ ಒಬ್ಬರಲ್ಲೂ ಸುಣ್ಣವಿರಲಿಲ್ಲ. ಇಪ್ಪತ್ತು ದಾಟಿದ 16 ಜನರಲ್ಲಿ 14 ಮಂದಿಗೆ ಇತ್ತು. ಮೂವತ್ತು ತುಂಬದ ಹುಡುಗ ಹುಡುಗಿಯರಿಗೆ! ಸುಣ್ಣಗಟ್ಟಿದವರು ಮಾತ್ರೆಗಳ ಮೂಲಕ ದಿನಕ್ಕೆ ಸೇವಿಸುತ್ತಿದ್ದ ಕ್ಯಾಲ್ಸಿಯಂ ಉಳಿದವರಿಗಿಂತ ಹೆಚ್ಚುಕಡಿಮೆ ಎರಡು ಪಟ್ಟು.

ಮಾತ್ರೆ ಬರೆದ ವೈದ್ಯರ ನಿಯ್ಯತ್ತಿನಲ್ಲಿ ಕೊರತೆಯಿರಲಿಲ್ಲ. ಅಲ್ಯೂಮಿನಿಯಂ ಕೊಟ್ಟವರಲ್ಲೂ ಇರಲಿಲ್ಲ. ಉದ್ದೇಶವನ್ನೇ ಅಳತೆಗೋಲು ಮಾಡಿಕೊಂಡರೆ ಈ ಕತೆಯಲ್ಲಿ ಎಲ್ಲರೂ ನಿರಪರಾಧಿಗಳು, ನಾಳಗಳು ಮಾತ್ರ ಕಲ್ಲು. ಉದ್ದೇಶ ಶುದ್ಧವಾಗಿದ್ದರೆ ಸಾಕು ಎನ್ನುವುದು ನಮ್ಮ ಜನರಲ್ಲಿ ಬೇರೂರಿದ ನಂಬಿಕೆ. ಅದು ಮನುಷ್ಯನನ್ನು ಅಳೆಯಲು ಸರಿ. ಆದರೆ ಏಟು ತಿಂದವನ ಕಡೆಯಿಂದ ನೋಡಿದಾಗ ಅದರಲ್ಲಿ ಅವನಿಗೆ ಏನೂ ಸಿಗುವುದಿಲ್ಲ. ನಿಘಂಟಿನ ಹಳೆಯ ಅರ್ಥ ಇಲ್ಲಿ ನಮಗೆ ಹೆಚ್ಚು ದಯೆಯುಳ್ಳದ್ದಾಗಿ ಕಾಣುತ್ತದೆ. ಅದು ಯಾರ ಮನಸ್ಸಿನಲ್ಲಿ ಏನಿತ್ತೆಂದು ಕೇಳುವುದಿಲ್ಲ, ವಸ್ತು ಎಲ್ಲಿದೆ ಎಂದು ಕೇಳುತ್ತದೆ. ಆರೋಪಿ ಸಿಗುವತನಕ ಕಾಯುವುದೂ ಇಲ್ಲ. ಅದನ್ನು ಅಲ್ಲಿಂದ ದೂರ ಇಡಬಲ್ಲವರು ಯಾರು ಎಂದು ನೋಡುತ್ತದೆ.

ಇಡಬಲ್ಲ ದಾರಿ ಇಲ್ಲವೆಂದಲ್ಲ. ಕ್ಯಾಲ್ಸಿಯಂ ಇಲ್ಲದೆ ರಂಜಕವನ್ನು ಹಿಡಿಯುವ ಸೆವೆಲಾಮರ್ ಎಂಬ ಔಷಧಕ್ಕೆ ಅಮೆರಿಕದಲ್ಲಿ 1998ರಲ್ಲಿ ಅನುಮತಿ ಸಿಕ್ಕಿತು. 200 ರೋಗಿಗಳನ್ನು ಒಂದು ವರ್ಷ ನೋಡಿ 2002ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಕ್ಯಾಲ್ಸಿಯಂ ತೆಗೆದುಕೊಂಡವರ ನಾಳಗಳಲ್ಲಿ ಸುಣ್ಣ ಏರುತ್ತ ಹೋಯಿತು, ಸೆವೆಲಾಮರ್ ತೆಗೆದುಕೊಂಡವರಲ್ಲಿ ಅಷ್ಟು ಏರಲಿಲ್ಲ. ಅದರಿಂದ ಆಯುಸ್ಸು ಹೆಚ್ಚುತ್ತದೆಯೇ ಎಂಬ ಬಗ್ಗೆ ಮಾತ್ರ ವೈದ್ಯರಲ್ಲಿ ಒಮ್ಮತವಿಲ್ಲ. 2007ರಲ್ಲಿ ಎರಡು ಸಾವಿರಕ್ಕೂ ಹೆಚ್ಚು ರೋಗಿಗಳ ಅಧ್ಯಯನದಲ್ಲಿ ಒಟ್ಟು ಸಾವಿನ ಪ್ರಮಾಣದಲ್ಲಿ ಗಣನೀಯ ವ್ಯತ್ಯಾಸ ಕಾಣಲಿಲ್ಲ. ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ 2013ರಲ್ಲಿ ‘ಲ್ಯಾನ್ಸೆಟ್’ ಪ್ರಕಟಿಸಿದ ಲೆಕ್ಕದಲ್ಲಿ ಕ್ಯಾಲ್ಸಿಯಂ ಇಲ್ಲದ ಔಷಧದವರಲ್ಲಿ ಸಾವು ನೂರಕ್ಕೆ 22ರಷ್ಟು ಕಡಿಮೆಯಿತ್ತು. ಕ್ಯಾಲ್ಸಿಯಂ ಮಾತ್ರೆಯನ್ನು ಮಿತಿಯಲ್ಲಿಡಿ ಎಂದು 2017ರ ಅಂತರರಾಷ್ಟ್ರೀಯ ಮಾರ್ಗಸೂಚಿ ಹೇಳುತ್ತದೆ.

ನಮ್ಮ ಸೋದರತ್ತೆಯ ಮಗ, ವಯಸ್ಸಿನಲ್ಲಿ ನಮಗಿಂತ ದೊಡ್ಡವರು, ದರ್ಜಿ ಕೆಲಸದವರು. ಎರಡು ವರ್ಷದಿಂದ ಡಯಾಲಿಸಿಸ್‌ಗೆ ಹೋಗುತ್ತಾರೆ. 2016ರಲ್ಲಿ ಕೇಂದ್ರ ಸರ್ಕಾರ ರಾಷ್ಟ್ರೀಯ ಡಯಾಲಿಸಿಸ್ ಕಾರ್ಯಕ್ರಮ ಆರಂಭಿಸಿದ ಮೇಲೆ ಬಡವರಿಗೆ ಯಂತ್ರದ ಬಾಗಿಲು ತೆರೆದಿದೆ, ಅದು ಸಣ್ಣ ಮಾತಲ್ಲ. ಸಿಯಾಟಲ್‌ನ ಏಳು ಜನರ ಮುಂದೆ ನಮ್ಮ ಭಾಯಿಯ ಅರ್ಜಿ ಹೋಗಿದ್ದರೆ ಏನಾಗುತ್ತಿತ್ತೆಂದು ಊಹಿಸುವುದು ಕಷ್ಟವಲ್ಲ. ಆದರೆ ಊಟದ ಜೊತೆಗಿನ ಮಾತ್ರೆಯನ್ನು ಅವರು ಅಂಗಡಿಯಲ್ಲಿ ಕೊಳ್ಳಬೇಕು. ಡಾಕ್ಟರು ಒಮ್ಮೆ ಸೆವೆಲಾಮರ್ ಬರೆದುಕೊಟ್ಟರು. ಕ್ಯಾಲ್ಸಿಯಂ ಮಾತ್ರೆಗಿಂತ ಬೆಲೆ ಹಲವು ಪಟ್ಟು, ದಿನಕ್ಕೆ ಮೂರು ಹೊತ್ತು. ಒಂದು ತಿಂಗಳು ಕೊಂಡರು. ಮುಂದಿನ ತಿಂಗಳು ಡಾಕ್ಟರೇ ಅವರ ಮುಖ ನೋಡಿ ಮತ್ತೆ ಕ್ಯಾಲ್ಸಿಯಂ ಬರೆದರು. ಭಾಯಿ ಅದನ್ನು ಊಟದ ನಡುವೆ ಶ್ರದ್ಧೆಯಿಂದ ಅಗಿದು ನುಂಗುತ್ತಾರೆ. ಸಮಿತಿ ಎದ್ದುಹೋಗಿ ಅರ್ಧ ಶತಮಾನ ದಾಟಿತು, ಅದರ ಖಾಲಿ ಕುರ್ಚಿಯಲ್ಲಿ ಈಗ ಬೆಲೆಚೀಟಿ ಕೂತಿದೆ. ಅದು ಯಾರನ್ನೂ ಚರ್ಚಿಗೆ ಹೋಗುತ್ತೀಯಾ, ಮಸೀದಿಗೆ ಹೋಗುತ್ತೀಯಾ ಎಂದು ಕೇಳುವುದಿಲ್ಲ. ಅದನ್ನು ಒಂದು ಸುಧಾರಣೆ ಎನ್ನುವವರು ಎನ್ನಲಿ.

ಇನ್ನು ಪಥ್ಯ. ಮಾಂಸ ಬಿಡಿ, ಹಾಲು ಬಿಡಿ, ಬೇಳೆ ಕಡಿಮೆ ಮಾಡಿ ಎನ್ನುತ್ತಾರೆ. ರಂಜಕ ಇವೆಲ್ಲದರಲ್ಲೂ ಇದೆ, ನಿಜ. ಆದರೆ ಬೇಳೆಕಾಳಿನಲ್ಲಿರುವ ರಂಜಕ ಬಹುಪಾಲು ಫೈಟೇಟ್ ರೂಪದಲ್ಲಿದೆ. ಮನುಷ್ಯನ ಕರುಳು ಅದರಲ್ಲಿ ಅರ್ಧವನ್ನೂ ಹೀರಲಾರದು. ಕಾರ್ಖಾನೆಯ ತಿನಿಸಿಗೆ ಬೆರೆಸುವ ಫಾಸ್ಫೇಟ್ ಲವಣಗಳು ಹಾಗಲ್ಲ, ಅವು ಹೆಚ್ಚುಕಡಿಮೆ ಪೂರ್ತಿ ರಕ್ತಕ್ಕೆ ಸೇರುತ್ತವೆ. ಕೋಲಾ ಪಾನೀಯದ ಹುಳಿಗೆ ಫಾಸ್ಫಾರಿಕ್ ಆಮ್ಲ, ಸಂಸ್ಕರಿಸಿದ ಚೀಸು ಕೂಡಿಕೊಂಡಿರಲು ಫಾಸ್ಫೇಟ್, ಸಂಸ್ಕರಿಸಿದ ಮಾಂಸ ನೀರು ಹಿಡಿದು ತೂಕ ತೋರಲು ಫಾಸ್ಫೇಟ್, ಕೇಕು ಉಬ್ಬಲು ಫಾಸ್ಫೇಟ್. ಬಡವನ ತಟ್ಟೆಯಿಂದ ಬೇಳೆ ತೆಗೆಸುವಷ್ಟು ಕಟ್ಟುನಿಟ್ಟು ಈ ಪೊಟ್ಟಣಗಳ ಮೇಲೆ ಯಾರೂ ತೋರಿಸುವುದಿಲ್ಲ. ಸಕ್ಕರೆ ಎಷ್ಟು, ಕೊಬ್ಬು ಎಷ್ಟು, ಸೋಡಿಯಂ ಎಷ್ಟು ಎಂದು ಪೊಟ್ಟಣದ ಮೇಲೆ ಅಚ್ಚು ಹಾಕಬೇಕೆಂದು ನಿಯಮವಿದೆ. ರಂಜಕ ಎಷ್ಟೆಂದು ಹೇಳಬೇಕಿಲ್ಲ. ಕೋಶವನ್ನು ಬಿಟ್ಟೆವು, ವೈದ್ಯರನ್ನು ಬಿಟ್ಟೆವು. ಇಲ್ಲಿಗೆ ಬಂದಾಗ ಮಾತ್ರ ಜಾಲಿಮ್ ಇಲ್ಲ ಎನ್ನಲು ನಮಗೆ ಮನಸ್ಸಾಗುವುದಿಲ್ಲ. ಬೆರೆಸುವವರಿಗೆ ಬೆರೆಸಿದ್ದು ಗೊತ್ತು, ಎಷ್ಟೆಂಬುದೂ ಗೊತ್ತು.

ಒಮ್ಮೆ ಕೂತ ಸುಣ್ಣವನ್ನು ತೆಗೆಯುವ ಭರವಸೆಯ ಮದ್ದು ಇನ್ನೂ ಬಂದಿಲ್ಲ. ಬೇರೆಯವರ ಮೂತ್ರಪಿಂಡ ಜೋಡಿಸಿದ ಮೇಲೂ ಹಳೆಯ ಸುಣ್ಣ ಬಹುಮಟ್ಟಿಗೆ ಹಾಗೇ ಉಳಿಯುತ್ತದೆ, ಏರುವ ವೇಗ ತಗ್ಗಬಹುದು. ಆದ್ದರಿಂದ ಈಗಿರುವ ಕೆಲಸವೆಲ್ಲ ಇನ್ನಷ್ಟು ಕೂರದಂತೆ ನೋಡಿಕೊಳ್ಳುವುದು, ದಿನಕ್ಕೆ ಇಷ್ಟಿಷ್ಟು ಎಂದು.

ಕಳೆದ ಹಬ್ಬದಲ್ಲಿ ಅವರ ಮನೆಗೆ ಹೋದಾಗ ಭಾಬಿ ಒಂದು ಕೇಕಿನ ಪೊಟ್ಟಣ ತಂದು ನಮ್ಮ ಕೈಗೆ ಕೊಟ್ಟರು. ಮೊಮ್ಮಗ ತಂದದ್ದು, ಇದನ್ನು ಅವರು ತಿನ್ನಬಹುದೋ ಬಾರದೋ ನೋಡಿ ಹೇಳು ಎಂದರು. ಅಕ್ಷರ ಬಹಳ ಸಣ್ಣದು, ಎಲ್ಲ ಇಂಗ್ಲಿಷ್. ಕಿಟಕಿಯ ಬಳಿ ಹೋಗಿ ಕನ್ನಡಕ ಸರಿಮಾಡಿಕೊಂಡು ಓದಿದೆವು. ಉಬ್ಬಿಸುವ ಪದಾರ್ಥ ಎಂದಿದ್ದು, ಮುಂದೆ 450 ಎಂಬ ಸಂಖ್ಯೆಯಿತ್ತು. ಅದು ಫಾಸ್ಫೇಟಿನ ಗುರುತು. ಇದೆ ಭಾಬಿ, ಎಂದೆವು.

“ಕಿತ್ತಾ?” ಎಂದರು ಭಾಬಿ. ಎಷ್ಟಿದೆ?

ಪೊಟ್ಟಣವನ್ನು ನಾಲ್ಕೂ ಕಡೆ ತಿರುಗಿಸಿ ನೋಡಿದೆವು. ಅದರ ಬೆಲೆ ಇತ್ತು, ತೂಕ ಇತ್ತು, ಸಕ್ಕರೆ ಎಷ್ಟೆಂದಿತ್ತು. ಭಾಬಿ ಕೇಳಿದ್ದು ಅದರಲ್ಲಿ ಇರಲಿಲ್ಲ.